ತಂಗಿಯ ಅಳತೆ

"ಮುಖ ಹೀಗೆ ಉಬ್ಬೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?" ಡಾಕ್ಟರಮ್ಮ ಕೇಳಿದರು. ತಂಗಿ ಅಣ್ಣನ ಕಡೆ ನೋಡಿದಳು. ಟೈಲರ್ ಅಣ್ಣನಿಗೆ ಅವಳ ಅಳತೆಯೆಲ್ಲ ಬಾಯಿಪಾಠ.

"ಎರಡು ವರ್ಷದ ಹಿಂದೆ ಸೊಂಟ ಇಪ್ಪತ್ತೆಂಟು, ತೋಳಿನ ಸುತ್ತಳತೆ ಹನ್ನೊಂದು. ಹೋದ ವರ್ಷ ಸೊಂಟ ಮೂವತ್ತೆರಡು, ತೋಳು ಹತ್ತು. ಈಗ ಸೊಂಟ ಮೂವತ್ತೇಳು, ತೋಳು ಒಂಬತ್ತೂ ಇಲ್ಲ," ಎಂದ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಇಷ್ಟೆಲ್ಲ ಪರೀಕ್ಷೆ ಮಾಡಿಸಿ ತಿಳ್ಕೊಂಡಿದ್ದು ನಿಮ್ಮ ಟೇಪಿಗೆ ಮೊದಲೇ ಗೊತ್ತಿತ್ತಲ್ರೀ!"

ಆಮೇಲೆ ಬಿಡಿಸಿ ಹೇಳಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಒಂದು ಪುಟ್ಟ ಗ್ರಂಥಿ ಇರುತ್ತದೆ. ತಂಗಿಗೆ ಅದರಲ್ಲಿ ಗಡ್ಡೆ. ಹನಿ ಲೆಕ್ಕದಲ್ಲಿ ಬರಬೇಕಾದ ಹಾರ್ಮೋನನ್ನು ಗಡ್ಡೆ ಬೊಗಸೆ ಲೆಕ್ಕದಲ್ಲಿ ಸುರಿಯುತ್ತಿದೆ. ಅದು ರಕ್ತದ ಜೊತೆ ಹೋದಲ್ಲೆಲ್ಲ ಒಂದೊಂದು ಚೇಷ್ಟೆ. ಕೈಕಾಲಿನ ಮಾಂಸ ಕರಗಿತು, ಹೊಟ್ಟೆಗೂ ಮುಖಕ್ಕೂ ಕೊಬ್ಬು ಏರಿತು. ಮುಟ್ಟಿದರೆ ಚರ್ಮ ನೀಲಿಗಟ್ಟುವುದು, ನಿದ್ದೆ ಬಾರದ್ದು, ಮೂಗಿನ ತುದಿಯ ಮೇಲಿನ ಕೋಪ, ಎಲ್ಲವೂ ಅದರದ್ದೇ. ಮೂಳೆಯೂ ಒಳಗೊಳಗೇ ಟೊಳ್ಳಾಗಿತ್ತು. ಹೋದ ವಾರ ಅಂಗಡಿಯಲ್ಲಿ ಬಟ್ಟೆಯ ಥಾನು ಎತ್ತಲು ಹೋಗಿ ಅವಳ ಬೆನ್ನುಮೂಳೆ ಕುಸಿದದ್ದು ಅದಕ್ಕೇ.

ಅಣ್ಣನಿಗೆ ತಾನು ಆಡಿದ್ದೆಲ್ಲ ನೆನಪಾಯಿತು. ಗಿರಾಕಿಗಳ ಎದುರೇ ಅವಳನ್ನು ಗುಂಡಮ್ಮ ಎಂದು ಕರೆದಿದ್ದ. ಕದ್ದು ತಿನ್ನುತ್ತಾಳೆಂದು ಬಿಸ್ಕತ್ತಿನ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದ. ಕಾಜಾ ಹೊಲಿಯುತ್ತ ಅವಳ ಕೈ ಸೋತರೆ "ಮೈಗಳ್ಳಿ" ಅಂದಿದ್ದ. ಆ ನಾಲಿಗೆ ಆಗಲೇ ಸೇದಿಹೋಗಬಾರದಿತ್ತೇ ಅನ್ನಿಸಿತು.

"ಹೊಟ್ಟೆ ದಪ್ಪ ಆಗ್ತಾ ತೋಳು ಸಣ್ಣ ಆಗಿದ್ದು ನಿಮಗೆ ವಿಚಿತ್ರ ಅನ್ನಿಸಲಿಲ್ವಾ?"

"ಅನ್ನಿಸ್ತು," ಎಂದ ಅಣ್ಣ, ನೆಲ ನೋಡುತ್ತ. "ಅದಕ್ಕೇ ಸೊಂಟದಲ್ಲಿ ಹೊಲಿಗೆ ಬಿಚ್ಚಿ ಸಡಿಲ ಮಾಡ್ದೆ. ತೋಳಲ್ಲಿ ಒಳಗೆ ಹಿಡಿದೆ."

"ಗಡ್ಡೆ ತೆಗೀತೀವಿ. ಮುಖ, ಹೊಟ್ಟೆ ನಿಧಾನಕ್ಕೆ ಇಳಿಯುತ್ತೆ. ಕುಸಿದ ಬೆನ್ನು ಮಾತ್ರ ಮೊದಲಿನ ಹಾಗಾಗಲ್ಲ. ಒಂದು ವರ್ಷ ಮುಂಚೆ ಕರ್ಕೊಂಡು ಬಂದಿದ್ರೆ..." ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದರು.

ಅಣ್ಣನಿಗೆ ಯಾರಾದರೂ ಒಂದು ಮಾತು ಅಂದರೆ ತಂಗಿ ಸಹಿಸಳು. ಬೆನ್ನಿನ ಪಟ್ಟಿ ಒತ್ತುತ್ತಿದ್ದರೂ ಮುಂದಕ್ಕೆ ಬಾಗಿದಳು.

"ಅವನಿಗೇನೂ ಅನ್ನಬೇಡಿ ಡಾಕ್ಟ್ರೇ. ನೋಡಿದೋರು ಒಬ್ಬರೂ ನಂಗೇನೋ ಆಗಿದೆ ಅಂತ ಪತ್ತೆ ಹಚ್ಚಲಿಲ್ಲ. ನಮ್ಮಣ್ಣನ ಹೊಲಿಗೆ ಅಷ್ಟು ಚೆನ್ನಾಗಿತ್ತು!"