ಟ್ಯೂಬಿನ ಗುಳ್ಳೆ

ಪಂಕ್ಚರ್ ಅಂಗಡಿಯ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಬೆರಳು ಒದ್ದೆಯಾದಂತೆ ಅನಿಸುತ್ತದೆ.

ಬಿಂಕದಕಟ್ಟಿಯ ನಮ್ಮ ಅಂಗಳದಲ್ಲಿ ಅಪ್ಪ ಗುಜರಿಯಿಂದ ತಂದ ಸೈಕಲ್ಲೊಂದನ್ನು ಅಕ್ಕನಿಗಾಗಿ ಸಜ್ಜು ಮಾಡುತ್ತಿದ್ದ. ತುಕ್ಕು ತಿಕ್ಕಿ, ನೀಲಿ ಬಣ್ಣ ಬಳಿದಿದ್ದ. ಮರುದಿನ ಅಕ್ಕ ಅದರ ಮೇಲೆ ಗದಗಿಗೆ ಹೋಗಿ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬೇಕಿತ್ತು.

ಹಿಂದಿನ ಗಾಲಿಯ ಟ್ಯೂಬಿಗೆ ಪ್ಯಾಚ್ ಹಚ್ಚಿ, ಗಾಳಿ ತುಂಬಿ, ಅಪ್ಪ ನನ್ನ ಕೈಗೆ ಕೊಟ್ಟ.

"ನನ್ನ ಕಣ್ಣು ಮಂಜಾಗ್ಯಾವ. ಬಕೀಟಿನಾಗ ಅದ್ದಿ ನೋಡಲೇ, ಗುಳ್ಳಿ ಬಂದ್ರ ಹೇಳು."

"ಇವನ ಕೈಯಾಗ ಕೊಟ್ಟಿಯಪ್ಪಾ? ಆತು ನನ್ನ ಪರೀಕ್ಷಾ!" ಅಕ್ಕ ನಕ್ಕಳು.

ಪ್ಯಾಚಿನ ಅಂಚಿನಿಂದ ಸಾಸಿವೆಯಷ್ಟು ಗುಳ್ಳೆಯೊಂದು ಮೇಲೆ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಶಾಲೆ ಬಿಟ್ಟು ವರ್ಷವಾಗಿತ್ತು. ನನಗೆಂದು ಅಪ್ಪ ಒಂದು ಸೈಕಲ್ಲನ್ನೂ ಮಾಡಿಕೊಟ್ಟಿರಲಿಲ್ಲ. ಆ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದೆ.

"ಇಲ್ಲಪ್ಪ. ಏನೂ ಬರವಲ್ದು."

ಮರುದಿನ ಅಕ್ಕ ಬಿಸಿಲಿನಲ್ಲಿ ಸೈಕಲ್ಲನ್ನು ತಳ್ಳುತ್ತಲೇ ಮನೆಗೆ ಬಂದಳು. ದಾರಿಯಲ್ಲಿ ಗಾಳಿ ಹೋಗಿತ್ತು. ನಡೆದು ಮುಟ್ಟುವಷ್ಟರಲ್ಲಿ ಹೊತ್ತು ಮೀರಿ, ಒಳಗೆ ಬಿಟ್ಟಿರಲಿಲ್ಲ. ಅಪ್ಪ ಗಾಲಿಯ ಮುಂದೆ ಕುಸಿದು ಕೂತ.

"ನಂದ ತಪ್ಪವ್ವಾ. ಪ್ಯಾಚ್ ಸರಿ ಕುಂದ್ರಿಸಿಲ್ಲ."

ಮತ್ತೆ ಪರೀಕ್ಷೆ ಕಟ್ಟು ಎಂದು ಅಪ್ಪ ಎಷ್ಟು ಹೇಳಿದರೂ ಅಕ್ಕ ಕಟ್ಟಲಿಲ್ಲ. ಅವ್ವನ ಜೊತೆ ಹೊಲಕ್ಕೆ ಹೋಗತೊಡಗಿದಳು. ಮೊದಲ ದಿನ ಹೊರಡುವಾಗ ಸೈಕಲ್ಲನ್ನು ನನ್ನ ಕಡೆ ತಳ್ಳಿದಳು.

"ನನಗಿನ್ನ ಯಾಕ ಬೇಕು? ನೀನ ಹೊಡಿಯಲೇ. ಗಾಳಿ ಮಾತ್ರ ನೋಡಿಕೋತ ಇರು."

ಹೂಂ ಅಂದೆ.