ಮೇಡಂ

ಆ ಸೆಟ್‌ನಲ್ಲಿ ಮೇಕಪ್‌ನವರಿಂದ ಹಿಡಿದು ಹೀರೋವರೆಗೆ ಎಲ್ಲರೂ ಆಕೆಯನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷ ಬರೀ ತಾಯಿ ಪಾತ್ರಗಳನ್ನೇ ಮಾಡಿದವರು. ನಿರ್ದೇಶಕನೊಬ್ಬ ಮಾತ್ರ ‘ಮೇಡಂ’ ಎನ್ನುತ್ತಿದ್ದ. ಹೊಸಬನಾದರೂ ಎಷ್ಟು ಮರ್ಯಾದೆ ನೋಡಿ ಎಂದು ಯೂನಿಟ್ಟಿನವರು ಮೆಚ್ಚಿಕೊಂಡಿದ್ದರು.

ಅವತ್ತಿನ ದೃಶ್ಯ ಸಣ್ಣದು. ಮನೆ ಬಿಟ್ಟು ಹೋಗಿದ್ದ ಮಗ ವರ್ಷಗಳ ಮೇಲೆ ಬಾಗಿಲಲ್ಲಿ ನಿಂತು “ಅಮ್ಮಾ” ಅನ್ನಬೇಕು, ಅಕ್ಕಿ ಆರಿಸುತ್ತಿರುವ ತಾಯಿ ತಲೆಯೆತ್ತಿ ನೋಡಬೇಕು. ಅಷ್ಟೇ. ಎಂಟು ಟೇಕ್ ಆದರೂ ಸರಿಹೋಗಲಿಲ್ಲ.

ನಿರ್ದೇಶಕ ಮಾನಿಟರ್ ಬಿಟ್ಟು ಎದ್ದು ಬಂದ.

“ಮೇಡಂ, ಮುಖದಲ್ಲಿ ಏನೂ ಬರ್ತಿಲ್ಲ.”

“ಇನ್ನೊಂದು ಟೇಕ್ ಹೋಗೋಣ ಸಾರ್.”

“ಬರೀ ಟೇಕ್ ಹೋದ್ರೆ ಆಯ್ತಾ? ಕರೀತಿರೋನು ಹೆತ್ತ ಮಗ, ಮೇಡಂ. ಅವನು ಬಾಯ್ತುಂಬ ಅಮ್ಮಾ ಅಂದ್ರೆ ಹೊಟ್ಟೆಯೊಳಗೆ ಹೇಗಾಗುತ್ತೆ? ಅದು ಬೇಕು ನಂಗೆ. ಸ್ವಲ್ಪ ನೆನಪು ಮಾಡ್ಕೊಳ್ಳಿ.”

ಆಕೆ ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

“ನೀನು ಹಾಗೆ ಕರೆದು ಹದಿನೈದು ವರ್ಷ ಆಯ್ತು ಕಣೋ, ಮರೆತೇಹೋಗಿದೆ. ಎಲ್ಲಿ, ಒಂದ್ಸಲ ಕರೆದು ತೋರಿಸು.”