ಐದು ಸರೋವರಗಳ ಪರ್ಮಿಟ್

ಬೆಟ್ಟಗಳ ನಡುವಿನ ರಾಷ್ಟ್ರೀಯ ಉದ್ಯಾನದಲ್ಲಿ ಐದು ಸರೋವರಗಳನ್ನು ಸುತ್ತುವ ಕಾಲುದಾರಿ ಮುಂದಿನ ತಿಂಗಳಿನಿಂದ ಐದು ವರ್ಷ ಮುಚ್ಚಲಿತ್ತು. ನಾಗಭೂಷಣರಿಗೆ ಎಪ್ಪತ್ತೆರಡು, ಹೆಂಡತಿ ಅಂಬುಜಾ ಅವರಿಗೆ ಅರವತ್ತೊಂಬತ್ತು. ನಾಲ್ಕು ದಿನದ ನಡಿಗೆಗೆ ಪರ್ಮಿಟ್ ಒಂದು ಬಿಟ್ಟು ಎಲ್ಲ ಸಿದ್ಧವಾಗಿತ್ತು. ಅದಕ್ಕಾಗಿ ಅರಣ್ಯ ಕಚೇರಿಗೆ ಇದು ಮೂರನೇ ಭೇಟಿ.

ಗುಮಾಸ್ತ ಹಳೆಯ ರಿಜಿಸ್ಟರ್ ತಿರುವಿ ಹಾಕಿದ. "ಕೊಡೋಕಾಗಲ್ಲ ಸಾರ್. ಹೋದ ವರ್ಷ ಒಳಗೆ ಹೋದೋರು ನೀವಿಬ್ರೂ ಇನ್ನೂ ಹೊರಗೆ ಬಂದಿಲ್ಲ."

"ನಿಮ್ಮೆದುರಿಗೇ ನಿಂತಿದೀವಲ್ಲಪ್ಪ!"

"ಹೊರಬಂದ ಸಹಿ ಇಲ್ಲ."

"ಕೊನೇ ಬಸ್ ಹೊರಟಿತ್ತು, ಓಡಿದ್ವಿ," ಎಂದರು ಅಂಬುಜಾ. "ಸಹಿ ಹಾಕಿ ಬನ್ನಿ ಅಂತ ಬಡ್ಕೊಂಡೆ. ಇವರು ಕೇಳಿದ್ರೆ ತಾನೇ?"

"ಕೊಡಿ, ಈಗ್ಲೇ ಹಾಕ್ತೀನಿ," ಎಂದರು ನಾಗಭೂಷಣ.

"ಇಲ್ಲಿ ಅಲ್ಲ ಸಾರ್. ಐದನೇ ಸರೋವರದ ಆಚೆ ಗೇಟಲ್ಲಿ. ಅದೂ ಒಳಗಿಂದ ನಡೆದು ಬಂದೋರು ಮಾತ್ರ."

ಅಂಬುಜಾ ಬೆಂಚಿನ ಮೇಲೆ ಕುಸಿದು ಕೂತರು. "ಸಾಕಾಯ್ತು. ನಡೀರಿ ಮನೆಗೆ."

ಗುಮಾಸ್ತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಮನೆಗ್ಯಾಕಮ್ಮ? ಪರ್ಮಿಟ್ ಬೇಕಿರೋದು ಒಳಗೆ ಹೋಗೋರಿಗೆ. ನೀವು ಒಳಗೇ ಇದೀರಲ್ಲ, ಈ ಸಲ ಹೊರಗೆ ಬರ್ತಾ ಮರೀದೆ ಸಹಿ ಹಾಕಿ."